ಮೂಗಿಗೆ ಕಟ್ಟಿದ ಟವೆಲ್

“ಹಾಗಾದ್ರೆ ನಮ್ಮ ಮಗು ಟಿವಿ ತಿಂದಿದೆ ಅಂತೀಯೇನಮ್ಮ?” ಎಂದು ಅಜ್ಜಿ ಕೇಳಿದರು.

ಆರೋಗ್ಯ ಕಾರ್ಯಕರ್ತೆಗೆ ನಗು ಬಂತು, ಆದರೆ ನಗಲಿಲ್ಲ. ಎರಡೂವರೆ ವರ್ಷದ ಮೊಮ್ಮಗಳು ಗುಬ್ಬಿಗೆ ತಿಂಗಳಿಂದ ಹೊಟ್ಟೆನೋವು, ಊಟ ಬೇಡ, ಸುಮ್ಮಸುಮ್ಮನೆ ರಚ್ಚೆ. ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಸೀಸ ಸಿಕ್ಕಿತ್ತು. ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸದಿದ್ದರೆ ಮಗುವಿನ ಬುದ್ಧಿಗೂ ಬೆಳವಣಿಗೆಗೂ ಪೆಟ್ಟು ಎಂದಿದ್ದರು ಡಾಕ್ಟರು.

“ಟಿವಿ ತಿಂದಿಲ್ಲ ಅಜ್ಜಿ. ಹಳೇ ಟಿವಿ ಒಳಗಿನ ಬೋರ್ಡಿನ ಬೆಸುಗೆಯಲ್ಲಿ ಸೀಸ ಇರುತ್ತೆ. ಅದು ಹೇಗೋ ಬಾಯಿಗೆ ಹೋಗ್ತಿದೆ.”

“ಹೇಗೆ ಹೋಗುತ್ತೆ, ಅದನ್ನ ಹೇಳಿ,” ಎಂದ ಗುಬ್ಬಿಯ ಅಪ್ಪ. ಹಳೆಯ ಟಿವಿ, ರೇಡಿಯೋ ಬೋರ್ಡುಗಳಿಂದ ಬಿಡಿಭಾಗ ಕಳಚಿ ರಿಪೇರಿ ಮಾಡುವುದು ಅವನ ಕಸುಬು. ಹಿಂದಿನ ಕೋಣೆಯೇ ಅಂಗಡಿ. “ಮಗು ಆ ಕೋಣೆಗೆ ಕಾಲೇ ಇಟ್ಟಿಲ್ಲ. ಚಿಲಕ ಎಷ್ಟು ಎತ್ತರ ಇದೆ ನೋಡಿ. ಹೊಗೆ ಕುಡೀಬಾರದು ಅಂತ ನಾನು ಮೂಗಿಗೆ ಟವೆಲ್ ಕಟ್ಕೊಂಡೇ ಕೂರೋದು. ಬರೋದಾದ್ರೆ ಮೊದಲು ನನಗೆ ಬರಬೇಕು ತಾನೆ?”

“ನಿಮ್ಮ ರಕ್ತ ಪರೀಕ್ಷೆ ಆಯ್ತಾ ಅಣ್ಣ?”

“ಇಲ್ಲ.”

“ಮತ್ತೆ ಬಂದಿಲ್ಲ ಅಂತ ಯಾರು ಹೇಳಿದ್ರು?”

ಅವನು ಚಿಲಕವನ್ನೇ ನೋಡುತ್ತ ನಿಂತ. ಮನೆಯವರು ಈಗಾಗಲೇ ಗೋಡೆಯ ಬಣ್ಣವನ್ನು ಅನುಮಾನಿಸಿದ್ದರು, ನೀರಿನ ಪೈಪನ್ನು ಅನುಮಾನಿಸಿದ್ದರು. ಬಣ್ಣದ ಗೊಂಬೆಯನ್ನೂ ಅನುಮಾನಿಸಿ ಕಪಾಟಿನ ಮೇಲೆ ಬಚ್ಚಿಟ್ಟು ಗುಬ್ಬಿಯನ್ನು ಎರಡು ದಿನ ಅಳಿಸಿದ್ದರು.

“ಒಂದು ಕೆಲಸ ಮಾಡಿ,” ಎಂದಳು ಕಾರ್ಯಕರ್ತೆ. “ದಿನಾ ಹೇಗೆ ಕಳಚ್ತೀರೋ ಹಾಗೇ ತೋರಿಸಿ. ನನಗೋಸ್ಕರ ಏನೂ ಬದಲಾಯಿಸಬೇಡಿ.”

ಅವನು ಚಿಲಕ ತೆಗೆದು ಒಳಗೆ ಹೋಗಿ ಟವೆಲ್ ಕಟ್ಟಿಕೊಂಡ. ಬೆಸುಗೆ ಹಾಕುವ ಐರನ್ ಕಾಯಿಸಿ ಅದರ ತುದಿಯಿಂದ ಬೆಸುಗೆ ಕರಗಿಸಿದ. ಬೋರ್ಡನ್ನು ಮೇಜಿನ ಅಂಚಿಗೆ ಟಪ್ಪೆಂದು ಬಡಿದ. ಕರಗಿದ ಬೆಸುಗೆ ಸಾಸಿವೆಯಷ್ಟು ಸಣ್ಣ ಮಣಿಗಳಾಗಿ ನೆಲಕ್ಕೂ ತೋಳಿಗೂ ಚಿಮ್ಮಿತು. ಬಿಡಿಭಾಗ ಕೈಗೆ ಬಂತು. ಟವೆಲ್ ಬಿಚ್ಚಿ ಬೋರ್ಡು ಒರೆಸಿದ, ಮೇಜು ಒರೆಸಿದ, ಕೈ ಒರೆಸಿಕೊಂಡು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ.

“ಇಷ್ಟೇ. ಇದರಲ್ಲೇನಿದೆ?”

ಅಜ್ಜಿಯ ಸೊಂಟದ ಮೇಲಿದ್ದ ಗುಬ್ಬಿ ನಿದ್ದೆಗಣ್ಣಿನಲ್ಲಿ ಕೈ ಚಾಚಿದಳು. ಅವನು ಮಾತಾಡುತ್ತಲೇ ಟವೆಲನ್ನು ಅವಳ ಕೈಗೆ ಕೊಟ್ಟ. ಗುಬ್ಬಿ ಅದರ ತುದಿಯನ್ನು ಬಾಯಿಗಿಟ್ಟು ಚೀಪುತ್ತ ಕಣ್ಣು ಮುಚ್ಚಿದಳು.

ಕಾರ್ಯಕರ್ತೆ ಟವೆಲನ್ನು ಮೆಲ್ಲಗೆ ಬಿಡಿಸಿಕೊಂಡಳು.

“ಅದಿಲ್ಲದೆ ಅವಳು ಮಲಗೋದೇ ಇಲ್ಲ,” ಎಂದರು ಅಜ್ಜಿ. “ಕೊಳೆ ಅಲ್ಲಮ್ಮ ಅದು. ದಿನ ಬಿಟ್ಟು ದಿನ ನಾನೇ ಒಗೀತೀನಿ. ಮಗು ಬಟ್ಟೆ ಜೊತೆ, ಒಂದೇ ಬಕೆಟ್‌ನಲ್ಲಿ...”

“ಕಾಪಾಡಲಿ ಅಂತ ಕಟ್ಕೊಂಡಿದ್ದು ನಾನು,” ಎಂದ ಅವನು. ಅವನಿಗೆ ಇನ್ನೂ ಅರ್ಥವಾಗುತ್ತಿರಲಿಲ್ಲ. “ಸೀಸ ಹೊಗೆಯಲ್ಲಿ ತಾನೆ ಇರೋದು?”

“ಹೊಗೆ ಹೆಚ್ಚಾಗಿ ಬೆಸುಗೆ ಹಿಡೀಲಿ ಅಂತ ಹಚ್ಚೋ ಫ್ಲಕ್ಸ್ ಅನ್ನೋ ಅಂಟಿಂದು. ಅದು ಎದೆಗೆ ಕೆಟ್ಟದ್ದೇ, ಟವೆಲ್ ಅದನ್ನ ತಡೆಯಲ್ಲ. ಕಿಟಕಿ ತೆಗೆದು, ಹೊಗೆ ಹೊರಗೆ ಹೋಗೋ ಹಾಗೆ ಫ್ಯಾನ್ ಇಡಿ. ಸೀಸ ಜಾಸ್ತಿ ಬರೋದು ಕೈಯಿಂದ, ಬಟ್ಟೆಯಿಂದ, ಧೂಳಿಂದ. ಕೈಯಿಂದ ಬಾಯಿಗೆ.”

“ಬಡಿಯದೆ ಹೇಗೆ ತೆಗೆಯೋದು?”

“ಬೆಸುಗೆ ಹೀರೋ ಪಂಪ್ ಇಲ್ವಾ ನಿಮ್ಮತ್ರ?”

“ಇದೆ. ಡ್ರಾಯರ್‌ನಲ್ಲಿ. ಬಡಿದ್ರೆ ಬೇಗ ಆಗುತ್ತಲ್ಲ ಅಂತ...”

“ನಿನ್ನ ಬೇಗಕ್ಕೆ ಬೆಂಕಿ ಬೀಳ,” ಎಂದರು ಅಜ್ಜಿ, ಮೊಮ್ಮಗಳ ಬೆನ್ನು ಸವರುತ್ತ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಐರನ್ ಕಾಯುತ್ತಿದ್ದರೆ ಒಂದು ಗಳಿಗೆ ನಿಲ್ಲಿ. ಕಳಚುವ ಮೊದಲು ಪ್ಲಗ್ ಕೀಳಿ. ದೊಡ್ಡ ಕೆಪಾಸಿಟರ್‌ಗಳಲ್ಲಿ ಉಳಿದ ಕರೆಂಟು ಇಳಿದಿದೆಯೇ ಎಂದು ಮೀಟರ್ ಹಿಡಿದು ನೋಡಿ. ಕಣ್ಣಿಗೆ ಕನ್ನಡಕ ಹಾಕಿ. ಬೆಸುಗೆಯನ್ನು ಪಂಪಿನಿಂದ ಹೀರಿ, ಬೋರ್ಡು ಬಡಿಯಬೇಡಿ, ಒಲೆಯ ಮೇಲೆ ಕಾಯಿಸಲೇಬೇಡಿ. ಮೇಜಿನ ಹತ್ತಿರ ತಿಂಡಿ, ಟೀ ಬೇಡ. ನೆಲ ಗುಡಿಸಿದರೆ ಧೂಳು ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸದ ಬಟ್ಟೆ ಕೆಲಸದ ಕೋಣೆಯಲ್ಲೇ ಇರಲಿ, ಬೇರೆಯಾಗಿಯೇ ಒಗೆಯಿರಿ. ಮಗುವನ್ನು ಎತ್ತಿಕೊಳ್ಳುವ ಮೊದಲು ಸೋಪಿನಿಂದ ಕೈ ತೊಳೆಯಿರಿ, ಆಗುವುದಾದರೆ ಸ್ನಾನವನ್ನೇ ಮಾಡಿ. ಅನುಮಾನ ಬಂದರೆ ರಕ್ತ ಪರೀಕ್ಷೆ ಮಾಡಿಸಿ: ಮಗುವಿಗೂ, ನಿಮಗೂ.

ಗುಬ್ಬಿಗೆ ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಇದೆ. ಅಪ್ಪನ ಮೊದಲ ಪರೀಕ್ಷೆ ಈ ವಾರವೇ. ಕಪಾಟಿನ ಮೇಲಿದ್ದ ಗೊಂಬೆ ಕೆಳಗಿಳಿದಿದೆ.

ಈ ಕ್ರಮ ಶುರುವಾದ ಮೊದಲ ದಿನ ಸಂಜೆ ಅವನು ಕೋಣೆಯಿಂದ ಬಂದಾಗ ಗುಬ್ಬಿ ಎರಡೂ ಕೈ ಎತ್ತಿ ನಿಂತಳು. ಅವನು ಎತ್ತಿಕೊಳ್ಳದೆ ಬಚ್ಚಲಿಗೆ ಹೋದ. ಏನಾಯಿತೆಂದು ತಿಳಿಯದೆ ಅವಳು ಕೈ ಎತ್ತಿಕೊಂಡೇ ನಿಂತಿದ್ದಳು. ಅಜ್ಜಿ ಹೊಸ ಟವೆಲ್ ಕೊಟ್ಟರೆ ಮೂಸಿ ನೋಡಿ ನೆಲಕ್ಕೆಸೆದಳು.

“ಇದು ಬೇಡ. ಅಪ್ಪಂದು.”

“ಇವತ್ತು ಯಾರಿಗೂ ನಿದ್ದೆ ಇಲ್ಲ ಬಿಡು,” ಎಂದರು ಅಜ್ಜಿ.

ಅಪ್ಪ ಸ್ನಾನ ಮುಗಿಸಿ ಬಂದವನು ಬಿದ್ದಿದ್ದ ಟವೆಲನ್ನು ಎತ್ತಿ ಕೊಡವಿದ, ತನ್ನ ಒದ್ದೆ ತಲೆ ಒರೆಸಿಕೊಂಡ. ಗುಬ್ಬಿ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಇನ್ನೊಮ್ಮೆ ಮೂಸಿದಳು. ಆಮೇಲೆ ತುದಿ ಹುಡುಕಿ ಬಾಯಿಗಿಟ್ಟುಕೊಂಡಳು.