ಕುರ್ಚಿಯ ಹಿಂದೆ ನಿಂತವರು

ದೊರೆ ಬಂಗಲೆಯ ಊಟದ ಕೋಣೆಗೆ ಕಾವಲಿದ್ದವನಿಗೆ ಜೊತೆಯ ಕೆಲಸದವರು ಇಟ್ಟ ಹೆಸರು ಏಳಿಸಾರ್. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ನೋಡಲು ಬಂದವರು ಹಗ್ಗ ದಾಟಿ, ಆ ಉದ್ದ ಮೇಜಿನ ಸುತ್ತಲಿನ ಕುರ್ಚಿಗಳಲ್ಲಿ ಒಂದಕ್ಕೆ ಬೆನ್ನು ತಾಗಿಸುವ ಮೊದಲೇ "ಏಳಿ ಸಾರ್" ಎನ್ನುವುದು ಅವನ ಕೆಲಸ. ಹೆಂಗಸರಿಗೂ ಸಾರ್, ಮಕ್ಕಳಿಗೂ ಸಾರ್. ಬೆಣ್ಣೆಯೊಳಗಿನ ಕೂದಲು ತೆಗೆದಷ್ಟು ನಯವಾಗಿ ಎಬ್ಬಿಸುತ್ತಿದ್ದ. ಎದ್ದವರು ಅವನಿಗೇ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಅದರ ಬಗ್ಗೆ ಅವನಿಗೆ ಒಳಗೊಳಗೇ ಜಂಬವೂ ಇತ್ತು.

ಬಂಗಲೆಯ ಚರಿತ್ರೆ ಬಾಗಿಲ ಬಳಿಯ ಫಲಕದಲ್ಲಿದೆ, ಪುರುಸೊತ್ತಿದ್ದವರು ಓದಬಹುದು. ಸಕ್ಕರೆ ವ್ಯಾಪಾರಕ್ಕೆಂದು ಹಡಗು ಹತ್ತಿ ಬಂದ ದೊರೆಯೊಬ್ಬ ಕಟ್ಟಿಸಿದ ಮನೆ. ಮಗ ಮಹಡಿ ಏರಿಸಿದ, ಮೊಮ್ಮಗ ಕುದುರೆ ಲಾಯ ಕೆಡವಿ ಮೋಟಾರು ನಿಲ್ಲಿಸಿದ. ಪರದೇಶದವರ ಆಳ್ವಿಕೆ ಮುಗಿದು ಅವರ ಕಡೆಯವರೆಲ್ಲ ಗಂಟುಮೂಟೆ ಕಟ್ಟಿದರೂ ಮೊಮ್ಮಗನ ಹೆಂಡತಿ ಮಾತ್ರ ಕದಲಲಿಲ್ಲ. ಗಂಡನನ್ನು ಮಣ್ಣು ಮಾಡಿದ ಊರು ಬಿಟ್ಟು ಹೋಗುವುದಿಲ್ಲ ಎಂದು ಹಟ ಹಿಡಿದು ಕೂತಳು. ಆ ದೊರೆಸಾನಿ ಹೋದ ಮೇಲೆ ಮನೆಗೆ ಬೀಗ ಬಿತ್ತು, ಬಾವಲಿಗಳು ಸೇರಿಕೊಂಡವು, ಆಮೇಲೆ ಸರ್ಕಾರ ಸೇರಿಕೊಂಡಿತು. ಹಳೇ ಕಡತ ತುಂಬಿಸಿ ಗೆದ್ದಲಿಗೆ ಕೊಟ್ಟದ್ದಾದ ಮೇಲೆ ಯಾರೋ ಪುಣ್ಯಾತ್ಮರಿಗೆ ವಸ್ತುಸಂಗ್ರಹಾಲಯದ ಯೋಚನೆ ಹೊಳೆಯಿತು. ಫಲಕದಲ್ಲಿ ಸಕ್ಕರೆ ದೊರೆಯ ನಾಯಿಯ ಹೆಸರೂ ಇದೆ. ತೀರಾ ಕೆಳಗೆ ಒಂದು ಸಾಲು: ‘ಮನೆಯಲ್ಲಿ ಅನೇಕ ಸೇವಕರಿದ್ದರು.’

ಆ ಅನೇಕರಲ್ಲಿ ಒಬ್ಬ ಏಳಿಸಾರನ ಅಪ್ಪ. ದೊರೆಸಾನಿಗೆ ಅವಳ ಕಡೆಗಾಲದವರೆಗೆ ಊಟ ಬಡಿಸಿದವನು. ಅಷ್ಟುದ್ದ ಮೇಜಿನ ಒಂದು ತುದಿಯಲ್ಲಿ ಅವಳೊಬ್ಬಳೇ ಕೂತು ಉಣ್ಣುತ್ತಿದ್ದಳು. ಇವನು ಅವಳ ಕುರ್ಚಿಯ ಹಿಂದೆ, ಗೋಡೆಗೆ ಒರಗದೆ ನಿಂತಿರಬೇಕು. ಊಟವಾಗಿ ಅವಳು ಪತ್ರಿಕೆ ಹಿಡಿದರೆ ಓದಿ ಮುಗಿಯುವವರೆಗೆ, ಕೂತಲ್ಲೇ ತೂಕಡಿಸಿದರೆ ಎಚ್ಚರಾಗುವವರೆಗೆ. ನಿಂತು ನಿಂತು ಅವನ ಮೀನಖಂಡದ ನರಗಳು ಹುರಿಹಗ್ಗದಂತೆ ಗಂಟುಗಟ್ಟಿದ್ದವು. ಮಗನಿಗೆ ಅದೇ ಮನೆಯಲ್ಲಿ ಕೆಲಸ ಸಿಕ್ಕಿದ ದಿನ ಅವನು ಕೇಳಿದ್ದು ಒಂದೇ ಮಾತು.

"ಕೂತು ಮಾಡೋ ಕೆಲಸವೋ, ನಿಂತು ಮಾಡೋ ಕೆಲಸವೋ?"

"ನಿಂತು."

"ಹಾಗಾದ್ರೆ ನಮ್ಮನೆ ಕೆಲಸವೇ ಬಿಡು," ಎಂದು ನಕ್ಕಿದ್ದ.

ಒಂದು ಸಲ ಬಂದು ನೋಡು ಎಂದರೆ ಮಾತ್ರ ಮುದುಕ ಜಪ್ಪಯ್ಯ ಎಂದರೂ ಬರುತ್ತಿರಲಿಲ್ಲ. "ಅಲ್ಲೇನಿದೆ ನೋಡೋಕೆ? ಅವರು ತಿನ್ನೋದನ್ನ ಬೇಕಾದಷ್ಟು ನೋಡಿದೀನಿ." ಕೊನೆಗೆ ಸೊಸೆ ಪಟ್ಟು ಹಿಡಿದಳು. "ಮಾವ, ನೀವು ದುಡಿದ ಜಾಗ ನಾನೂ ನೋಡ್ಬೇಡ್ವಾ?" ಸೊಸೆ ಕೇಳಿದ್ದಕ್ಕೆ ಇಲ್ಲ ಎನ್ನುವ ರೂಢಿ ಅವನಿಗಿಲ್ಲ. ಇಸ್ತ್ರಿಯ ಅಂಗಿ ತೊಟ್ಟು ಹೊರಟ.

ಅವರು ಬಂದ ಗಳಿಗೆಯೇ ಸರಿಯಿರಲಿಲ್ಲ. ಏಳಿಸಾರನ ನೌಕರಿ ಇನ್ನೂ ಹಂಗಾಮಿ. ಕಾಯಂ ಆಗುವುದು ಮುಖ್ಯಾಧಿಕಾರಿಯ ಒಂದು ಸಹಿಯ ಮೇಲೆ ನಿಂತಿತ್ತು. ಆಗಷ್ಟೇ ಮಹಡಿ ಕಾವಲುಗಾರನ ಭಾವಮೈದ ದೊರೆಯ ಮಂಚದ ಮೇಲೆ ಕಾಲು ಚಾಚಿ ಫೋಟೋ ತೆಗೆಸಿಕೊಂಡು ಊರಿಗೆಲ್ಲ ಹಂಚಿದ್ದ. ಕಾವಲುಗಾರ ಕೆಲಸ ಕಳೆದುಕೊಂಡ. "ನೆಂಟರಿಷ್ಟರನ್ನ ತಂದು ಮಲಗಿಸೋಕೆ ಇದೇನು ಛತ್ರಾನಾ?" ಎಂದು ಮುಖ್ಯಾಧಿಕಾರಿ ಉಳಿದವರನ್ನು ಸಾಲಾಗಿ ನಿಲ್ಲಿಸಿ ಬೆವರಿಳಿಸಿದ್ದರು.

ಕೋಣೆಗೆ ಬಂದ ಅಪ್ಪ ತಟ್ಟೆಗಳಲ್ಲಿಟ್ಟಿದ್ದ ಬಣ್ಣದ ಹಣ್ಣುಗಳನ್ನು ಕಣ್ಣು ಕಿರಿದು ಮಾಡಿ ನೋಡಿದ. "ಇದೇನೋ ಮಣ್ಣಿನ ಹಣ್ಣು? ಅಮ್ಮಾವ್ರು ಇದ್ದಿದ್ರೆ ನಿನ್ನ ತಲೆಗೇ ಎಸೀತಿದ್ರು." ಆಮೇಲೆ ಕಿಟಕಿ ಈ ಗೋಡೆಯಲ್ಲಿರಲಿಲ್ಲ, ಆ ಗೋಡೆಯಲ್ಲಿತ್ತು ಎಂದು ವಾದಕ್ಕೆ ನಿಂತ. ಕಿಟಕಿ ಮನೆ ಕಟ್ಟಿದಾಗಿನಿಂದ ಅಲ್ಲೇ ಇತ್ತು. ಮಗ ಹೂಂಗುಟ್ಟುತ್ತಾ ಹೋದ. ಅಪ್ಪ ಬಂದದ್ದು ಅವನಿಗೆ ನಿಜಕ್ಕೂ ಸಂತೋಷವಾಗಿತ್ತು.

ಸೊಸೆ ಪಡಸಾಲೆಯ ನಿಲುಗನ್ನಡಿ ನೋಡಲು ಹೋದಳು. ಯಾರೋ ಗಂಡಹೆಂಡತಿ ಮೆಟ್ಟಿಲು ಎಲ್ಲಿದೆ ಎಂದು ಕೇಳಿದರು, ಏಳಿಸಾರ್ ಬಾಗಿಲವರೆಗೆ ಹೋಗಿ ತೋರಿಸಿದ. ತಿರುಗಿ ನೋಡುತ್ತಾನೆ, ಹಗ್ಗದ ಕೊಕ್ಕೆ ಬಿಚ್ಚಿದೆ, ಅಪ್ಪ ದೊರೆಸಾನಿಯ ಕುರ್ಚಿಯಲ್ಲಿ ಕೂತಿದ್ದಾನೆ. ಸಿಂಹಾಸನ ಏರಿದವನ ಹಾಗಲ್ಲ, ಬಸ್ಸಿಗೆ ಕಾದು ಕಾದು ಸಾಕಾಗಿ ಕೂತವನ ಹಾಗೆ. ಒಂದು ಚಪ್ಪಲಿ ಕಳಚಿ, ಬಗ್ಗಿ, ಮೀನಖಂಡ ಒತ್ತಿಕೊಳ್ಳುತ್ತಿದ್ದಾನೆ.

ಅದೇ ಹೊತ್ತಿಗೆ ಪಡಸಾಲೆಯಲ್ಲಿ ಮುಖ್ಯಾಧಿಕಾರಿಯ ದನಿ ಕೇಳಿಸಿತು. ಹಿಂದೆ ನಾಲ್ಕಾರು ಜನ ಅತಿಥಿಗಳು. ಏಳಿಸಾರ್ ದಾಪುಗಾಲಿಟ್ಟು ಕುರ್ಚಿಯ ಬಳಿ ಬಂದ.

"ಏಳಿ ಸಾರ್," ಎಂದ. ದಿನವೂ ಎನ್ನುವ ಮಾತು, ಬಾಯಿಗೆ ತಾನಾಗಿಯೇ ಬಂತು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಮೇಲೆ ನಗಾಡಿ ಮರೆಯಬಹುದಿತ್ತು.

"ಯಾರಿವರು?" ಎಂದು ಬಾಗಿಲಿಂದಲೇ ಕೇಳಿದರು ಮುಖ್ಯಾಧಿಕಾರಿ.

"ಗೊತ್ತಿಲ್ಲ ಸರ್. ಯಾರೋ ನೋಡೋಕೆ ಬಂದವರು."

ಅಪ್ಪ ತಲೆಯೆತ್ತಿ ಅವನನ್ನು ನೋಡಿದ. ಸಿಟ್ಟಿನಿಂದಲ್ಲ, ದಾರಿಯಲ್ಲಿ ಕಂಡವರು ಪರಿಚಯದವರೋ ಅಲ್ಲವೋ ಎಂದು ನೋಡುತ್ತಾರಲ್ಲ, ಹಾಗೆ. ಆಮೇಲೆ ಚಪ್ಪಲಿ ಮೆಟ್ಟಿ ಎದ್ದ. "ತಪ್ಪಾಯ್ತು ಸ್ವಾಮಿ," ಎಂದ. ಕುರ್ಚಿಯನ್ನು ಸದ್ದಾಗದಂತೆ ಮೇಜಿನಡಿಗೆ ಸರಿಸಿ ಹಿಂದಕ್ಕೆ ಹೆಜ್ಜೆಯಿಟ್ಟ. ಅಷ್ಟರಲ್ಲಿ ಅತಿಥಿಗಳು ಬಾಗಿಲು ತುಂಬಿಕೊಂಡಿದ್ದರಿಂದ ಹೊರಗೆ ಹೋಗಲು ದಾರಿಯಿರಲಿಲ್ಲ. ಮುಖ್ಯಾಧಿಕಾರಿ ಸಕ್ಕರೆ ದೊರೆಯ ವೈಭವ ಹೇಳಿ ಮುಗಿಸುವವರೆಗೂ ಅವನು ಕುರ್ಚಿಯ ಹಿಂದೆ, ಗೋಡೆಗೆ ಒರಗದೆ, ಕೈಕಟ್ಟಿ ನಿಂತೇ ಇದ್ದ. ಏಳಿಸಾರ್ ನೆಲ ನೋಡುತ್ತಿದ್ದ. ತಲೆಯೆತ್ತಿದಾಗ ಕಂಡದ್ದು ಅತಿಥಿಗಳ ಹಿಂದೆ ನಿಂತಿದ್ದ ಹೆಂಡತಿಯ ಮುಖ. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ನೌಕರಿ ಕಾಯಮಾಯಿತು. ಅಪ್ಪ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟು ಬೀದಿಯವರಿಗೆಲ್ಲ ಹೇಳಿಕೊಂಡು ಬಂದ. ಹೆಂಡತಿ ಮಾತ್ರ ಬಹಳ ದಿನ ತಟ್ಟೆ ಇಟ್ಟು ಬಡಿಸಿ ಸುಮ್ಮನೆ ಒಳಗೆ ಹೋಗುತ್ತಿದ್ದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅಪ್ಪನ ಹತ್ತಿರ ಕ್ಷಮೆ ಕೇಳಬೇಕೆಂದು ಹೋದಾಗಲೆಲ್ಲ ಬೇರೇನೋ ಮಾತಾಡಿ ಎದ್ದು ಬರುತ್ತಿದ್ದ. ಒಮ್ಮೆ ಹೇಗೋ ಧೈರ್ಯ ಮಾಡಿ "ಅಪ್ಪಾ, ಅವತ್ತು…" ಎಂದದ್ದೇ ತಡ, ಮುದುಕ "ಯಾವತ್ತು? ಆ ಕಿಟಕಿ ವಿಷಯಾನಾ? ನಂದೇ ತಪ್ಪು ಬಿಡು," ಎಂದು ಮಾತು ಹಾರಿಸಿಬಿಟ್ಟ. ನಾಳೆ ಕೇಳೋಣ, ನಾಳಿದ್ದು ಕೇಳೋಣ ಎನ್ನುವುದರಲ್ಲಿ ವರ್ಷಗಳು ಕಳೆದವು. ಅಪ್ಪ ಹಾಸಿಗೆ ಹಿಡಿದ.

ಆಮೇಲೆ ಬಂದ ಹೊಸ ಮುಖ್ಯಾಧಿಕಾರಿ ಚುರುಕಿನ ಹೆಂಗಸು. ಸುಮ್ಮನೆ ನೋಡಿ ಹೋಗುವುದಕ್ಕೆ ಈಗ ಯಾರು ಬರುತ್ತಾರೆ ಎನ್ನುವುದು ಅವಳ ವಾದ. ಹಗ್ಗ ತೆಗೆಸಿದಳು. ಬಂದವರು ದೊರೆಯ ಮೇಜಿಗೆ ಕೂರಲಿ, ಬೇಕಾದಷ್ಟು ಫೋಟೋ ತೆಗೆದುಕೊಳ್ಳಲಿ. ಕಾವಲುಗಾರನ ಹೊಸ ಕೆಲಸ, ಕುರ್ಚಿ ಎಳೆದು "ಕೂರಿ ಸಾರ್" ಎನ್ನುವುದು. ಜೊತೆಯವರು ಬಿದ್ದು ಬಿದ್ದು ನಕ್ಕು, ಅವನಿಗೆ ಕೂರಿಸಾರ್ ಎಂದು ಮರುನಾಮಕರಣ ಮಾಡಿದರು.

ಅವನಿಗೆ ನಗು ಬರಲಿಲ್ಲ. ಸಂಜೆ ಓಡುನಡಿಗೆಯಲ್ಲಿ ಮನೆ ಸೇರಿ, ಬೂಟು ಬಿಚ್ಚದೆ ಅಪ್ಪನ ಮಂಚದ ಪಕ್ಕ ಕೂತ.

"ಅಪ್ಪಾ, ಈಗ ಯಾರು ಬೇಕಾದ್ರೂ ಕೂರಬಹುದು. ನಾಳೆ ಆಟೋ ತರ್ತೀನಿ. ಎತ್ಕೊಂಡಾದ್ರೂ ಹೋಗ್ತೀನಿ. ಆ ಕುರ್ಚೀಲಿ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂರು."

ಅಪ್ಪ ಸೂರು ನೋಡುತ್ತಾ ಮಲಗಿದ್ದ. "ಅವತ್ತು ಕಾಲು ನೋಯ್ತಿತ್ತು, ಕೂತೆ," ಎಂದ. "ಈಗ ಮಲಗೇ ಇರ್ತೀನಲ್ಲಪ್ಪ. ಕುರ್ಚಿ ಯಾಕೆ?"

"ಹಾಗಲ್ಲ ಅಪ್ಪಾ…"

"ನಂಗೆ ಗೊತ್ತು ಕಣೋ. ಹೊಟ್ಟೆಪಾಡು. ನಾನಾಗಿದ್ರೂ ಎಬ್ಬಿಸ್ತಿದ್ದೆ." ಸೂರಿನಿಂದ ಕಣ್ಣು ತೆಗೆದು ಮಗನ ಕಡೆ ತಿರುಗಿದ. "ನಮ್ಮಪ್ಪ ಅಂತ ಒಂದು ಮಾತು ಅಂದಿದ್ರೆ ನಾನೇ ಎದ್ದು ನಿಲ್ತಿದ್ದೆ."

ಏಳಿಸಾರ್ ಅವನ ಕಾಲು ಒತ್ತಲು ಹೋದ. ಒತ್ತುವಷ್ಟು ಮಾಂಸ ಅಲ್ಲಿ ಉಳಿದಿರಲಿಲ್ಲ. ಆ ತಿಂಗಳೇ ಅಪ್ಪ ತೀರಿಕೊಂಡ.

ರಜೆ ಮುಗಿಸಿ ಕೆಲಸಕ್ಕೆ ಹೋದ ದಿನ ಮೊದಲು ಬಂದದ್ದು ಒಂದು ಹೊಸ ಜೋಡಿ. ಹುಡುಗಿಗೆ ದೊರೆಸಾನಿಯ ಕುರ್ಚಿಯೇ ಬೇಕಾಯಿತು. ಅವನು ಕುರ್ಚಿ ಎಳೆದುಕೊಟ್ಟು ಅದರ ಹಿಂದೆ ನಿಂತ.

"ಇಲ್ಲಿ ದೊರೆಸಾನಿ ಕೂರ್ತಿದ್ರು," ಎಂದ. ಮುಂದಿನ ಮಾತನ್ನು ಅವನು ಆ ಕೋಣೆಯಲ್ಲಿ ಯಾರಿಗೂ ಹೇಳಿರಲಿಲ್ಲ. "ಇಲ್ಲಿ, ನಾನು ನಿಂತಿದೀನಲ್ಲ, ಇಲ್ಲಿ ನಮ್ಮಪ್ಪ ನಿಲ್ತಿದ್ರು."

ಹುಡುಗ ಮೊಬೈಲಿನಿಂದ ಕಣ್ಣು ತೆಗೆಯದೆ ಕೈಯಾಡಿಸಿದ.

"ಸ್ವಲ್ಪ ಆ ಕಡೆ ಸರೀತೀರಾ ಸಾರ್? ಫೋಟೋದಲ್ಲಿ ನೀವು ಬರ್ತಿದೀರಿ."

ಅವನು ಸರಿದು ನಿಂತ.