ಹಾಡಿಗೆ ಮುಂಚಿನ ಉಸಿರು

ಗುಂಡಿ ಒತ್ತಿದರೆ ಒಳಗಿನ ಫ್ಯಾನು ನಿಟ್ಟುಸಿರಿಡುವುದು; ಪರದೆಯ ಮೇಲೆ ಬಿಳಿಯ ಚುಕ್ಕಿಗಳು ನಾಲ್ಕು ಸುತ್ತು ತಿರುಗುವುವು; ಮತ್ತೆ ಕತ್ತಲು. ಸೋಲೋ ಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದ ತರ್ಮುಜಿ ಮೂರು ಸಲ ನೋಡಿದ.

"ನಿಮ್ಮ ಕೂದ್ಲು ಬೆಳ್ಳಗಾಗೋದ್ರೊಳಗೆ ಸರಿಯಾಗುತ್ತಾ, ಪಾಕ್?" ಎಂದರು ಆ ಕಂಪ್ಯೂಟರನ್ನು ತಂದಿದ್ದ ವಿಲುಜೆಂಗ್ ಅಮ್ಮ. ಆ ಊರಲ್ಲಿ ಗಂಡಸರನ್ನು ಪಾಕ್, ಹೆಂಗಸರನ್ನು ಬೂ ಎಂದು ಕರೆಯುವುದು ಮರ್ಯಾದೆ.

"ಬೆಳ್ಳಗಾಗೋಕೆ ಕೂದ್ಲಿದ್ರೆ ತಾನೇ, ಬೂ! ಒಳಗೆ ಉಳಿಸ್ಕೋಬೇಕಾದ್ದು ಏನಾದ್ರೂ ಇದೆಯಾ?"

"ಎಲ್ಲಾ ಡಿ ಡ್ರೈವಲ್ಲೇ ಇದೆ. ಮಗಳು ಅಷ್ಟು ಕಟ್ಟುನಿಟ್ಟು."

ಮಗಳು ಲಾರಸ್ ತೀರಿಕೊಂಡು ನಾಳೆಗೆ ಸಾವಿರ ದಿನ. ಅಂದು, ಅಲ್ಲಿಯವರ ನಂಬಿಕೆಯಲ್ಲಿ, ಸತ್ತವರು ಮನೆಯ ಹೊಸ್ತಿಲನ್ನು ಕೊನೆಯ ಬಾರಿಗೆ ದಾಟುತ್ತಾರೆ. ನೆರೆಹೊರೆಗೆ ಅನ್ನವಿಕ್ಕಿ, ಅವಳೇ ಹಾಡಿಟ್ಟ ಹಾಡುಗಳಿಂದ ಅವಳನ್ನು ಬೀಳ್ಕೊಡಬೇಕೆಂಬುದು ತಾಯಿಯ ಆಸೆ.

ಸಿ ಡ್ರೈವನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ತುಂಬಬೇಕು. ಡಿ ಹಾಗೆಯೇ ಉಳಿಯುತ್ತದೆ. ಎಲ್ಲ ಡಿಯಲ್ಲೇ ಇದೆ ಎಂಬುದು ಆ ಊರಿನ ಗಿರಾಕಿಗಳೆಲ್ಲ ಹೇಳುವ ಮಾತು. ಆದರೂ ಡಿಸ್ಕನ್ನು ಬಿಚ್ಚಿ, ಬೇರೆ ಯಂತ್ರಕ್ಕೆ ಸಿಕ್ಕಿಸಿ, ಕಣ್ಣಾರೆ ಕಂಡಲ್ಲದೆ ತರ್ಮುಜಿ ಇಪ್ಪತ್ತು ವರ್ಷಗಳಲ್ಲಿ ಯಾವುದನ್ನೂ ಅಳಿಸಿದವನಲ್ಲ. ಅಂದು ಶುಕ್ರವಾರ. ಮಸೀದಿಯ ಕರೆ ಕೇಳಿಸಿತು. ಈ ಸಲ ಡಿಸ್ಕನ್ನು ಬಿಚ್ಚಿ ನೋಡದೆಯೇ, ಅಳಿಸುವ ಕೆಲಸಕ್ಕೆ ಯಂತ್ರವನ್ನು ಹಚ್ಚಿ ನಮಾಜಿಗೆ ಹೊರಟುಹೋದ.

ಮರಳಿದಾಗ ಪರದೆ ತಿಳಿನೀಲಿಯಾಗಿ ಬೆಳಗುತ್ತಿತ್ತು. ವಿಲುಜೆಂಗ್ ಅಮ್ಮ ಕನ್ನಡಕ ಏರಿಸಿಕೊಂಡು ಹತ್ತಿರ ಬಾಗಿದರು.

"ಇಲ್ಲೇ ಇತ್ತಲ್ಲ ಪಾಕ್, ಅವಳ ಹೆಸರಿನ ಫೋಲ್ಡರು?"

"ಡಿ ಒಳಗೆ ಅಂದ್ರಲ್ಲ, ಬೂ?"

"ಮಿಕ್ಕಿದ್ದೆಲ್ಲ ಅಲ್ಲೇ. ನನ್ನ ಕಣ್ಣು ಮಂಜು ಅಂತ ಹಾಡು ಮಾತ್ರ ಎದುರಿಗೇ ಇಟ್ಟಿದ್ಲು."

ತರ್ಮುಜಿ ಮೌಸಿನಿಂದ ಕೈ ತೆಗೆದ. ಪರದೆಯಲ್ಲಿ ಎದುರಿಗೆ ಇಟ್ಟದ್ದೆಲ್ಲ ಇರುವುದು ಸಿ ಡ್ರೈವಿನಲ್ಲಿ.

ಸಂಜೆಯವರೆಗೂ ಅಳಿದದ್ದನ್ನು ಹುಡುಕಿದ. ಹನ್ನೊಂದು ಹಾಡುಗಳ ಹೆಸರು ಮರಳಿದವು. ತೆರೆದರೆ ಒಂದೊಂದೂ ಮೌನ. ಏಳನೆಯದರಲ್ಲಿ ಮಾತ್ರ, ಹಾಡಲೆಂದು ಅವಳು ಒಳಗೆಳೆದುಕೊಂಡ ಒಂದು ಉಸಿರು. ಆಮೇಲೆ ಏನೂ ಇಲ್ಲ.

"ನನ್ನ ತಪ್ಪು, ಬೂ. ನೋಡ್ದೆ ಅಳಿಸ್ಬಿಟ್ಟೆ."

ಆಕೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. "ಇನ್ನೊಂದ್ಸಲ ಹಾಕಿ," ಎಂದರು. ಕಿವಿಗೊಟ್ಟು ಕೇಳಿದರು. "ಇದನ್ನ ಮತ್ತೆ ಎದುರಿಗೇ ಇಡಿ. ನಾಳೆ ಊಟಕ್ಕೆ ನೀವೂ ಬರ್ಬೇಕು."

ಮರುದಿನ ಚಾಪೆಯ ಮೇಲೆ ನೆರೆಯವರ ನಡುವೆ ತರ್ಮುಜಿ ಕೂತ. ಪ್ರಾರ್ಥನೆ ಮುಗಿದ ಮೇಲೆ ತಾಯಿ ಗುಂಡಿ ಒತ್ತಿದರು. ಉಸಿರು ಕೇಳಿಸಿತು. ತುತ್ತೆತ್ತಿದ್ದ ಕೈಗಳೆಲ್ಲ ಹಾಡಿಗಾಗಿ ನಿಂತವು. ಎಷ್ಟು ಕಾಯಬೇಕೆಂದು ಅವರಿಗೆ ತಿಳಿಯದು. ತಿಳಿದವನು ತಲೆತಗ್ಗಿಸಿ, ತನ್ನ ಎಲೆಯ ಅನ್ನವನ್ನೇ ನೋಡುತ್ತಿದ್ದ.