ಶಾರವ್ವ ಕೊಟ್ಟ ಅಪ್ಪಣೆ

ಸವಣೂರಿನ ಸಂತೆಯಲ್ಲಿ ಶಾರವ್ವ ವೀಳ್ಯದೆಲೆ ಮಾರಲು ಕುಳಿತರೆ ಆಚೆ ಬೀದಿಯ ಕಿರಾಣಿ ಅಂಗಡಿಯವನಿಗೂ ಅಂದಿನ ಎಲೆಯ ದರ ಗೊತ್ತಾಗುತ್ತಿತ್ತು. ಅಂಥ ಗಂಟಲು. ಗಂಡ ನೀಲಪ್ಪ ಎಲೆತೋಟದಲ್ಲಿ ಬಳ್ಳಿ ಕಟ್ಟುವವನು; ಬಾಯಿ ಬೇಡದ ಕೆಲಸ ಅವನದು, ಬಾಯಿಯಿಂದಲೇ ಆಗುವ ಕೆಲಸ ಇವಳದು. ಆ ಗಂಟಲನ್ನು ಅವಳು ಸಂತೆಯಿಂದ ನೇರವಾಗಿ ಫುಟ್‌ಬಾಲ್ ಮೈದಾನಕ್ಕೂ ಕೊಂಡೊಯ್ಯುತ್ತಿದ್ದಳು. ಹನ್ನೆರಡು ವರ್ಷದ ಮಗ ಅಂಬರೀಶ ಊರಿನ ಹುಡುಗರ ತಂಡದಲ್ಲಿ ಆಡುತ್ತಿದ್ದ. ಆಟದ ಕಾನೂನು ಅವಳಿಗೆ ಅಷ್ಟಕ್ಕಷ್ಟೆ. ಚೆಂಡು ಯಾವ ಕಡೆ ಹೋಗಬೇಕು ಎನ್ನುವುದರಲ್ಲಿ ಮಾತ್ರ ಎಳ್ಳಷ್ಟೂ ಅನುಮಾನವಿರಲಿಲ್ಲ.

ತಂಡ ಕಟ್ಟಿದವನು ಮೈಲಾರಲಿಂಗ. ಬಾಡಿಗೆ ಟೆಂಪೋ ಓಡಿಸುತ್ತಿದ್ದ. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಹುಡುಗರಿಗೆ ಪುಕ್ಕಟೆ ಆಟ ಕಲಿಸುತ್ತಿದ್ದ. ಊರಿಗೆಲ್ಲ ಅವನು ಮೈಲಾರಿ ಸರ್. ಎರಡು ವರ್ಷದ ಹಿಂದೆ ಶಾರವ್ವ ಮಗನನ್ನು ಅವನ ಬಳಿಗೆ ಕರೆದುಕೊಂಡು ಹೋಗಿ, ಎಲೆ ಅಡಿಕೆ ಮೇಲೊಂದು ತೆಂಗಿನಕಾಯಿ ಇಟ್ಟು ಕೈಗೆ ಕೊಟ್ಟು, ನೆರೆದವರಿಗೆಲ್ಲ ಕೇಳುವಂತೆ ಹೇಳಿದ್ದಳು.

"ಸರ, ಇನ್ನ ಇವ ನಿಮ್ಮ ಹುಡುಗ. ತಪ್ಪ ಮಾಡಿದ್ರ ನಾಕ ಬಾರಸ್ರಿ. ಯಾಕ ಹೊಡದ್ರಿ ಅಂತ ನಾ ಕೇಳಾಕ ಬರಂಗಿಲ್ಲ."

ನಮ್ಮ ಕಡೆ ಮಗುವನ್ನು ಗುರುವಿಗೆ ಒಪ್ಪಿಸುವಾಗ ಎಲ್ಲ ತಾಯಂದಿರೂ ಆಡುವ ಮಾತೇ ಇದು. ಆಡದಿದ್ದರೆ ಈಕೆ ಮಗನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದಾಳೆ ಎಂದು ಜನ ಆಡಿಕೊಳ್ಳುತ್ತಾರೆ. ಮರ್ಯಾದೆಗೆ ಆಡಿದ ಮಾತನ್ನು ಮನೆಗೆ ಹೋಗಿ ಯಾರೂ ಮತ್ತೆ ಯೋಚಿಸುವುದಿಲ್ಲ. ಪಕ್ಕದಲ್ಲಿ ನಿಂತ ಮಗು ಅದನ್ನು ಹೇಗೆ ಕೇಳಿಸಿಕೊಂಡಿತು ಎಂದಂತೂ ಯಾರೂ ತಿರುಗಿ ನೋಡುವುದಿಲ್ಲ.

ಈ ವರ್ಷ ನಾಲ್ಕು ತಾಲ್ಲೂಕಿನ ಹುಡುಗರ ಪಂದ್ಯಗಳು ನಡೆದವು. ಅವು ಮುಗಿದ ಮೇಲೆ ಪ್ರತಿ ತಂಡದಿಂದ ಇಬ್ಬರ ಹೆಸರು ಜಿಲ್ಲೆಯ ಶಿಬಿರಕ್ಕೆ ಹೋಗಬೇಕು, ಹೆಸರು ಬರೆದು ಕೊಡುವವರು ತಂಡದ ಸರ್. ಅಂಬರೀಶನ ಹೆಸರು ಅದರಲ್ಲಿ ಇದ್ದೇ ಇರುತ್ತದೆ ಎಂದು ಮೈಲಾರಿ ಸರ್ ಬಾಯಿಬಿಟ್ಟು ಹೇಳಿದ್ದ. ಶಾರವ್ವನಿಗೆ ಅಂದಿನಿಂದ ನೆಲ ಕಾಣುತ್ತಿರಲಿಲ್ಲ.

ಹಾನಗಲ್ಲಿನ ಪಂದ್ಯದಲ್ಲಿ ಎದುರು ತಂಡದ ಗೋಲ್‌ಕೀಪರ್ ಧೀರೇಂದ್ರ ಎಂಬ ಸಣ್ಣ ಹುಡುಗ. ದಪ್ಪ ಚಸ್ಮಾ, ಅದು ಬೀಳದಿರಲೆಂದು ಕಿವಿಯ ಹಿಂದೆ ಲಾಡಿ ಕಟ್ಟಿಕೊಂಡಿದ್ದ. ಮೊದಲ ಅರ್ಧದಲ್ಲಿ ಅಂಬರೀಶ ಒದ್ದ ಎರಡು ಚೆಂಡನ್ನೂ ಹಿಡಿದ. ಶಾರವ್ವನಿಗೆ ತಡೆಯಲಾಗಲಿಲ್ಲ.

"ಏ ಚಸ್ಮಾ, ಚೆಂಡು ಒಂದ ಕಾಣಸ್ತೈತೋ, ನಾಕ ಕಾಣಸ್ತಾವೋ?"

ಇಡೀ ಸವಣೂರು ಕಡೆಯವರು ನಕ್ಕರು. ಬೇರೆ ತಾಯಂದಿರೂ ದನಿಗೂಡಿಸಿದರು. ಚಸ್ಮಾ, ಚಸ್ಮಾ ಎಂಬ ಕೂಗು ಚಪ್ಪಾಳೆಯ ಲಯಕ್ಕೆ ಎದ್ದಿತು. ಹುಡುಗ ಸ್ವಲ್ಪ ಹೊತ್ತು ಆ ಕಡೆ ನೋಡಲೇ ಇಲ್ಲ. ಆಮೇಲೆ ಚಸ್ಮಾ ತೆಗೆದು, ಮಡಚಿ, ಕಂಬದ ಬುಡದಲ್ಲಿಟ್ಟ. ಅಲ್ಲಿಂದ ಮುಂದೆ ಅವನಿಗೆ ಚೆಂಡು ಕಾಣಲಿಲ್ಲ. ಸವಣೂರಿನವರು ನಾಲ್ಕು ಗೋಲು ಹೊಡೆದರು, ಅದರಲ್ಲಿ ಮೂರು ಅಂಬರೀಶನವು. ಶಾರವ್ವ ಕುಣಿದಾಡಿಬಿಟ್ಟಳು.

ಮನೆಗೆ ಬಂದ ಮೇಲೆ ಅಂಬರೀಶ ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಅವ್ವ, ಇನ್ನ ಮ್ಯಾಲ ನೀ ಬರಬ್ಯಾಡ."

"ಯಾಕಲೇ? ಮೂರ ಗೋಲ್ ಹೊಡದಿ."

"ಅವಂಗ ಕಾಣಸ್ತಿದ್ದಿಲ್ಲ. ಅವು ಗೋಲ್ ಅಲ್ಲ."

ಶಾರವ್ವ ಮುಖ ಊದಿಸಿಕೊಂಡಳು. ಯಾರ ಸಲುವಾಗಿ ಗಂಟಲು ಹರಿದುಕೊಂಡೆ ಎಂದು ಎರಡು ದಿನ ನೀಲಪ್ಪನ ಮೇಲೆ ಹರಿಹಾಯ್ದಳು, ಪಾಪ ಅವನಿಗೆ ಯಾವುದೂ ಗೊತ್ತಿರಲಿಲ್ಲ. ಆದರೆ ಕಂಬದ ಬುಡದಲ್ಲಿದ್ದ ಆ ಮಡಚಿದ ಚಸ್ಮಾ ಎಲೆ ಎಣಿಸುವಾಗಲೂ ಕಣ್ಣ ಮುಂದೆ ಬರತೊಡಗಿತು. ತಾನು ಮಾಡಿದ್ದು ತಪ್ಪು ಎಂದು ಅವಳಿಗೆ ಗೊತ್ತಾಗಿತ್ತು. ಒಪ್ಪಿಕೊಳ್ಳಲು ಮಾತ್ರ ಮನಸ್ಸು ಬರಲಿಲ್ಲ.

ಕೊನೆಯ ಪಂದ್ಯ ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಲ್ಲಿ. ಹಿಂದಿನ ದಿನ ಓಣಿಯ ಮಾಬೂಬಿ ಬಂದಳು. ಅವಳ ಮಗ ಖಲಂದರ ತಂಡದಲ್ಲಿ ಎಲ್ಲರಿಗಿಂತ ಸಣ್ಣವನು. ಮುದಿ ಅತ್ತೆಯನ್ನು ಒಂಟಿ ಬಿಟ್ಟು ತಾನು ಬರುವಂತಿಲ್ಲ, "ನೀವು ಹೋಗೂದಾದ್ರ ಅವನ್ನೂ ನಿಮ್ಮ ಕೈಯಾಗ ಕಳಸ್ತೇನಿ" ಎಂದಳು. ಶಾರವ್ವ ಮಗನ ಮುಖ ನೋಡಿದಳು. ತುಟಿ ಪಿಟಕ್ ಎನ್ನುವುದಿಲ್ಲ ಎಂದು ಆಣೆ ಹಾಕಿದಳು. ಅಂಬರೀಶ ಹೂಂ ಎಂದ.

ಚಿಕ್ಕೇರೂರಿನ ಮೈದಾನದಲ್ಲಿ ಹೊಸ ವ್ಯವಸ್ಥೆ ಕಾದಿತ್ತು. ಹಾನಗಲ್ಲಿನಿಂದ ಪಂದ್ಯ ನಡೆಸುವವರಿಗೆ ದೂರು ಹೋಗಿತ್ತಂತೆ. ಪಾಲಕರನ್ನು ಹಗ್ಗ ಕಟ್ಟಿ ಹಿಂದಕ್ಕೆ ಕೂರಿಸಿದ್ದರು. ಫರ್ಹತ ಎಂಬ ಟೀಚರು ಕೈಯಲ್ಲಿ ರಿಜಿಸ್ಟರು ಹಿಡಿದು ಒಬ್ಬೊಬ್ಬರಿಂದಲೂ ಸಹಿ ತೆಗೆದುಕೊಳ್ಳುತ್ತಿದ್ದಳು.

"ಯಾವ ಹುಡುಗಗೂ ಹೆಸರಿಟ್ಟು ಕೂಗಬ್ಯಾಡ್ರಿ. ಮತ್ತ ಯಾರರ ಹುಡುಗರ ಮೈ ಮುಟ್ಟಿದ್ರ, ಹೊಡದ್ರ, ಅಂಜಿಸಿದ್ರ ನನಗ ಬಂದು ಹೇಳ್ರಿ. ಅದಕ್ಕಂತ ನನ್ನ ಇಲ್ಲಿ ಕೂಡ್ರಿಸ್ಯಾರ."

ಶಾರವ್ವ ತಲೆ ತಗ್ಗಿಸಿ ಸಹಿ ಹಾಕಿದಳು. ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ಕುಳಿತಳು. ಅರ್ಧ ಆಟ ಹಾಗೇ ಕಳೆಯಿತು. ಖಲಂದರ ಒಂದು ಪೆನಾಲ್ಟಿಯನ್ನು ಕಂಬದ ಹೊರಗೆ ಒದ್ದ. ಆಗಲೂ ಅವಳು ಉಸಿರೆತ್ತಲಿಲ್ಲ.

ವಿರಾಮದಲ್ಲಿ ಹುಡುಗರಿಗೆ ಲಿಂಬೆಹಣ್ಣಿನ ಪಾನಕ ಕೊಡಲು ಕೊಡ ಹಿಡಿದು ಟೆಂಪೋ ಹತ್ತಿರ ಹೋದಳು. ಹುಡುಗರು ಟೆಂಪೋದ ಹಿಂದೆ ಸಾಲಾಗಿ ನಿಂತಿದ್ದರು. ಖಲಂದರ ಮಾತ್ರ ಬಗ್ಗಿ ಕಾಲ ಹೆಬ್ಬೆರಳು ಹಿಡಿದಿದ್ದ. ಅವನ ಉದ್ದನೆಯ ಕಾಲುಚೀಲ ಕೆಳಗಿಳಿದಿತ್ತು. ಮೈಲಾರಿ ಸರ್ ಸಾಮಾನು ಬಿಗಿಯುವ ಹಗ್ಗವನ್ನು ಎರಡು ಮಡಿಕೆ ಮಾಡಿ ಅವನ ಮೀನಖಂಡಕ್ಕೆ ಬೀಸಿದ.

"ಇನ್ನೊಂದ ಬಿದ್ದ ಮ್ಯಾಲ ಚೀಲ ಏರಿಸ್ಕೋ. ಮನ್ಯಾಗ ಬಾಯಿ ಬಿಟ್ಟಿ ಅಂದ್ರ ಟೀಮ್ ಮರ್ತಬಿಡು."

ಶಾರವ್ವನ ಕಣ್ಣು ತಾನಾಗಿ ಮಗನ ಕಾಲಿಗೆ ಹೋಯಿತು. ಎರಡು ತಿಂಗಳಿಂದ ಅವನು ಮನೆಯಲ್ಲೂ ಮೊಣಕಾಲಿನವರೆಗೆ ಕಾಲುಚೀಲ ಹಾಕಿಕೊಂಡೇ ಓಡಾಡುತ್ತಿದ್ದ. ಎಣ್ಣೆ ತಿಕ್ಕುತ್ತೇನೆ ಎಂದರೆ ಬೇಡ ಎನ್ನುತ್ತಿದ್ದ. ಆಟದ ಹುಚ್ಚು ಎಂದು ಅವಳು ನಗಾಡಿದ್ದಳು.

ಅವಳು ತಕ್ಷಣ ಮುನ್ನುಗ್ಗಲಿಲ್ಲ. ಸುಳ್ಳು ಹೇಳಿ ಏನು ಫಲ? ಕೊಡ ಹಿಡಿದು ನಿಂತಲ್ಲೇ ನಿಂತು, ಇನ್ನು ಅರ್ಧ ತಾಸು ಸುಮ್ಮನಿದ್ದರೆ ಮಗನ ಹೆಸರು ಜಿಲ್ಲೆಗೆ ಹೋಗುತ್ತದೆ ಎಂದು ಲೆಕ್ಕ ಹಾಕಿದಳು. ಮಾಬೂಬಿಗೆ ಆಮೇಲೆ ಹೇಳಿದರಾಯಿತು ಎಂದೂ ಅಂದುಕೊಂಡಳು. ಅಷ್ಟರಲ್ಲಿ ಹಗ್ಗ ಮತ್ತೆ ಮೇಲೆದ್ದಿತು. ಅವಳ ಕೈಯಿಂದ ಕೊಡ ಜಾರಿ ನೆಲಕ್ಕೆ ಬಿತ್ತು.

"ಸರ, ಸಾಕ ಬಿಡ್ರಿ."

ಮೈಲಾರಿ ಸರ್ ತಿರುಗಿದ. ಅವನಿಗೆ ಗಾಬರಿಯೇನೂ ಆಗಲಿಲ್ಲ.

"ಅಕ್ಕಾರ, ನೀವು ಹಗ್ಗದ ಆಚೆ ಕುಂದರ್ರಿ. ಇದು ನಮ್ಮ ಮಾತು."

"ಅದು ಕೈಕೂಸು ಇದ್ದಂಗ ಐತ್ರಿ. ಹಿಂಗ ಹೊಡ್ಯಾದು ಸರಿ ಅಲ್ಲ."

"ನಾನೂ ಹಿಂಗ ಬಡಿಸ್ಕೊಂಡ ಕಲ್ತೇನಿ. ಮತ್ತ ನೀವ ಹೇಳಿದ್ರೆಲ್ಲ? ಬಾರಸ್ರಿ, ನಾ ಕೇಳಾಕ ಬರಂಗಿಲ್ಲ ಅಂತ. ಇಷ್ಟೂ ಹುಡುಗರ ಅವ್ವಂದ್ರು ಹೇಳ್ಯಾರ."

ಅವನು ವ್ಯಂಗ್ಯವಾಡುತ್ತಿರಲಿಲ್ಲ. ಅವನ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. ಕೊಟ್ಟ ಅಪ್ಪಣೆಯಂತೆ ನಡೆದುಕೊಂಡವನು ಅವನು. ಶಾರವ್ವನಿಗೆ ನಾಚಿಕೆಯಾಯಿತು, ಅವನ ಬಗ್ಗೆಯಲ್ಲ, ತನ್ನ ಬಗ್ಗೆ.

"ಹೇಳಿದ್ದೆ, ಖರೆ. ತಿಳೀದ ಹೇಳಿದ್ದೆ. ಈಗ ಕೇಳಾಕ ಬಂದೇನಿ."

"ಹಂಗಾರ ನಿಮ್ಮ ಹುಡುಗನ್ನ ಕರ್ಕೊಂಡ ಹೋಗ್ರಿ. ನನ್ನ ಮಾತ ನಡೀದ ಕಡೆ ನಾ ಯಾರ ಹೆಸರೂ ಬರಿಯಂಗಿಲ್ಲ."

ಅಂಬರೀಶ ತಲೆ ಎತ್ತಿ ತಾಯಿಯನ್ನು ನೋಡಿದ. ಶಿಬಿರಕ್ಕೆಂದು ಅವನು ಗೋಡೆಯ ಮೇಲೆ ದಿನ ಗೀಚಿ ಎಣಿಸುತ್ತಿದ್ದುದು ಅವಳಿಗೆ ಗೊತ್ತಿತ್ತು. ಆ ನೋಟದಲ್ಲಿ ಬೇಡ ಎಂಬುದಿದೆಯೋ ಬೇಕು ಎಂಬುದಿದೆಯೋ ಅವಳಿಗೆ ತಿಳಿಯಲಿಲ್ಲ. ಖಲಂದರನ ಕಾಲುಚೀಲ ಏರಿಸದೆಯೇ ಅವನ ಕೈ ಹಿಡಿದು ಫರ್ಹತ ಟೀಚರ ಬಳಿಗೆ ನಡೆದಳು.

ಟೀಚರು ಹುಡುಗನ ಕಾಲು ನೋಡಿದಳು. ಗದರಲಿಲ್ಲ, ಗದ್ದಲ ಮಾಡಲಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಿ ನೋವು, ಎಷ್ಟು ಸಲ, ಇನ್ಯಾರಿಗೆ ಎಂದು ಮೆಲ್ಲಗೆ ಕೇಳಿದಳು. ಹತ್ತೇ ನಿಮಿಷದಲ್ಲಿ ಪಂದ್ಯ ನಡೆಸುವವರು ಮೈಲಾರಿ ಸರ್‌ನನ್ನು ಮೈದಾನದಿಂದ ಆಚೆ ಕಳಿಸಿದರು. ವಿಚಾರಣೆ ಮುಗಿಯುವವರೆಗೆ ಹುಡುಗರ ಹತ್ತಿರ ಬರುವಂತಿಲ್ಲ ಎಂದರು. ಉಳಿದರ್ಧ ಆಟ ನಡೆಯಲಿಲ್ಲ.

ಸವಣೂರಿನ ಪಾಲಕರು ಶಾರವ್ವನಿಗೆ ಬಾಯಿಗೆ ಬಂದದ್ದು ಅಂದರು. ಪುಕ್ಕಟೆ ಕಲಿಸುವ ದೇವರಂಥ ಮನುಷ್ಯನನ್ನು ಕಳೆದೆ, ಹುಡುಗರ ಒಂದು ವರ್ಷ ಹಾಳು ಮಾಡಿದೆ ಎಂದರು. ಅವರು ಹೇಳಿದ್ದರಲ್ಲಿ ಅರ್ಧ ನಿಜವೂ ಇತ್ತು. ಈ ಸಲ ಸವಣೂರಿನಿಂದ ಯಾರ ಹೆಸರೂ ಹೋಗುವುದಿಲ್ಲ ಎಂದು ಅಲ್ಲೇ ಗೊತ್ತಾಯಿತು. ಟೆಂಪೋ ಹೋಗಿಬಿಟ್ಟಿತ್ತು. ಅವಳು ಇಬ್ಬರು ಹುಡುಗರನ್ನು ಕರೆದುಕೊಂಡು ಹಾವೇರಿ ಬಸ್ಸು ಹತ್ತಿದಳು.

ಖಲಂದರ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದ. ಅಂಬರೀಶ ಕಿಟಕಿಯ ಹೊರಗೆ ನೋಡುತ್ತಿದ್ದ.

"ನಿನಗೂ ಹೊಡದಾರೇನ?"

"ಹೂಂ."

"ನನಗ ಯಾಕ ಹೇಳಲಿಲ್ಲಪ್ಪ?"

ಅವನು ಕಿಟಕಿ ಬಿಟ್ಟು ಈ ಕಡೆ ತಿರುಗಿದ.

"ಹೇಳ್ಬೇಕಂತ ಮಾಡಿದ್ದೆ. ಹಾನಗಲ್ಲ ಮ್ಯಾಚಿನ ದಿನ. ಆ ಹುಡುಗ ಅಳೂ ಹಂಗ ಆದಾಗ ನೀ ನಗಾಕತ್ತಿದ್ದಿ. ನನಗೂ ನಗ್ತಿ ಅನ್ನಿಸ್ತು."

ಶಾರವ್ವನಿಗೆ ಹೇಳಲು ನೂರು ಮಾತು ಬಾಯಿಗೆ ಬಂದವು. ನೀನು ನನ್ನ ಮಗ, ನಿನಗೆ ನಗುತ್ತೇನೇನೋ ಎಂಬುದೂ ಬಂತು. ಒಂದನ್ನೂ ಆಡಲಿಲ್ಲ. ಆಡಿದರೆ ಅವನು ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಾನೆ ಎಂಬ ಹೆದರಿಕೆ ಅವಳಿಗೆ ಜೀವಮಾನದಲ್ಲಿ ಮೊದಲ ಸಲ ಆಯಿತು.

ಸ್ವಲ್ಪ ದೂರ ಹೋದ ಮೇಲೆ ಅಂಬರೀಶ ತಾನಾಗಿಯೇ ಶುರುಮಾಡಿದ. ಮೊದಲು ಹೊಡೆದದ್ದು ಯಾವ ದಿನ, ಆಮೇಲೆ ಯಾವ ದಿನ, ಯಾವ ಹುಡುಗ ಎಷ್ಟು ಅತ್ತ ಎಂದು ಒಂದೊಂದಾಗಿ ಹೇಳಿದ. ಹಾವೇರಿಯಲ್ಲಿ ಬಸ್ಸು ಬದಲಿಸುವಾಗ ನಿಲ್ಲಿಸಿ, ಸವಣೂರಿನ ಬಸ್ಸಿನಲ್ಲಿ ಕುಳಿತ ಮೇಲೆ ಬಿಟ್ಟಲ್ಲಿಂದ ಮುಂದುವರಿಸಿದ. ಊರು ಬಂದರೂ ಮುಗಿದಿರಲಿಲ್ಲ. ಶಾರವ್ವ ಖಲಂದರನನ್ನು ಹೆಗಲಿಗೆ ಹಾಕಿಕೊಂಡು, ಮಗ ಹೇಳುವುದನ್ನು ಕೇಳುತ್ತ, ಮಾಬೂಬಿಯ ಮನೆಯ ಕಡೆ ನಿಧಾನವಾಗಿ ನಡೆದಳು.